ಎದ್ದು ಕೂತ ಕಂಪ್ಯೂಟರ್

ಅಕ್ಕನ ಕಸೂತಿ ಅಂಗಡಿಯ ಹಳೇ ಕಂಪ್ಯೂಟರ್ ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದ್ದು ಕೂರುತ್ತಿತ್ತು. ಮೊದಲೆಲ್ಲ ಸ್ವಿಚ್ ಒತ್ತಿ, ಅಂಗಡಿ ಗುಡಿಸಿ, ಚಹಾ ಕುಡಿದು ಬಂದರೂ ಅದು ಆಕಳಿಸುತ್ತಲೇ ಇರುತ್ತಿತ್ತು. ನೋಡಲಾರದೆ ತಮ್ಮನೇ ವಿಂಡೋಸ್ ಕಿತ್ತು, ಇಂಥ ಬಡಪಾಯಿಗಳಿಗೆಂದೇ ಇರುವ ಹಗುರ ಲಿನಕ್ಸ್ ಹಾಕಿಕೊಟ್ಟ. ಆದರೆ ಪಕ್ಕದ ಕಸೂತಿ ಯಂತ್ರ ಮಿಸುಕಲೇ ಇಲ್ಲ. ಅದಕ್ಕೆ ಡಿಸೈನ್ ಕಳಿಸುವ ಸಾಫ್ಟ್‌ವೇರ್ ವಿಂಡೋಸ್‌ನಲ್ಲಷ್ಟೇ ಓಡುತ್ತಿತ್ತು. ಆ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದವನು ಎಂದೋ ತನ್ನ ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಶಾಲೆಯವರು ಸಂಜೆ ಸಮವಸ್ತ್ರದ ಬ್ಯಾಡ್ಜ್‌ಗಳಿಗೆ ಬರುವವರಿದ್ದರು. ಕೊಡದಿದ್ದರೆ ಮುಂದಿನ ವರ್ಷದ ಕೆಲಸವೆಲ್ಲ ಎದುರಿನ ಅಂಗಡಿಗೆ.

ತಮ್ಮ ಬೆಳಗ್ಗಿಂದ ಕೇಬಲ್ ಕೀಳುತ್ತಿದ್ದ, ಚುಚ್ಚುತ್ತಿದ್ದ. ಪ್ರತಿಸಲವೂ ಪರದೆಯ ಮೇಲೆ ಅದೇ ಸಾಲು: ಯಂತ್ರ ಸಿಗಲಿಲ್ಲ.

"ಇಲ್ಲೇ ಮಗ್ಗುಲಲ್ಲೇ ಇದೆ ಅಂತ ಹೇಳು ಅದಕ್ಕೆ," ಅಂದಳು ಅಕ್ಕ.

"ಸ್ವಲ್ಪ ತಡಿಯಕ್ಕ, ಇನ್ನೊಂದು ದಾರಿ ಇದೆ."

"ಊಟಕ್ಕೆ ಮುಂಚೆನೂ ಇದನ್ನೇ ಹೇಳಿದೆ. ಹಳೇದನ್ನೇ ವಾಪಸ್ ಹಾಕಪ್ಪ, ನಿಧಾನ ಆದ್ರೂ ಕೆಲಸ ಮಾಡ್ತಿತ್ತು."

ಅವನು ತಲೆ ಎತ್ತಲಿಲ್ಲ. "ಎರಡಕ್ಕೂ ಜಾಗ ಇರಲಿಲ್ಲ. ಅಳಿಸಿಬಿಟ್ಟೆ."

"ಆ ಸಾಫ್ಟ್‌ವೇರೂ?"

"ಅದೂ ಹೋಯ್ತು."

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನಿಗೂ ವಾದ ಮಾಡಲು ಏನಾದರೂ ಸಿಗುತ್ತಿತ್ತು. ಅವಳು ಯಂತ್ರದ ಮೇಲಿಂದ ನೀಲಿ ದಾರದ ಉರುಳೆ ಬಿಚ್ಚಿ, ಎರಡು ಸೂಜಿ ಪೋಣಿಸಿ, ಒಂದನ್ನು ಅವನ ಮುಂದೆ ಹಿಡಿದಳು.

"ಅಕ್ಷರ ನಾನು ಹಾಕ್ತೀನಿ. ಸುತ್ತ ಅಂಚು ನೀನು ಹೊಲಿ."

"ನಂಗೆ ಬರಲ್ಲಕ್ಕ."

"ಗೊತ್ತು," ಅಂದಳು. "ಕೂತ್ಕೋ."