ಮೂರನೇ ಮಹಡಿಯ ಸಭೆ

ಆಸ್ಪತ್ರೆಯ ಸಮಿತಿಯಲ್ಲಿ ರೋಗಿಗಳ ಪರವಾಗಿ ಒಬ್ಬರಾದರೂ ಇರಬೇಕೆಂದು ಸರ್ಕಾರ ನಿಯಮ ಮಾಡಿದಾಗ ಆ ಭಾಗ್ಯ ಟೈಲರಮ್ಮನ ಪಾಲಿಗೆ ಬಂತು. ಮಂಡಿಗೆ ಆಪರೇಷನ್ ಆದಮೇಲೆ ಅವಳು ಗಾಲಿಕುರ್ಚಿಯಲ್ಲಿ ಬಂದು ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳುತ್ತಿದ್ದಳು. ಬಾಯಿ ಮುಚ್ಚಿಸುವುದಕ್ಕೆ ಪದವಿಗಿಂತ ಒಳ್ಳೆಯ ಔಷಧಿ ಅಲ್ಲಿ ಇರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಮಂಡಿ ಮಡಚುವ ವ್ಯಾಯಾಮ. ಬೇಗ ಶುರುವಾಗದಿದ್ದರೆ ಕಾಲು ಹಾಗೇ ಸೆಟೆದುಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಸೆಟೆದ ಕಾಲಲ್ಲಿ ಹೊಲಿಗೆ ಯಂತ್ರ ತುಳಿಯಲಾಗದು, ಅದನ್ನು ತುಳಿಯದೆ ಮನೆ ನಡೆಯದು. ವ್ಯಾಯಾಮದ ಕೋಣೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟು ಯಾವ ಕಾಲವಾಗಿತ್ತೋ, ಹೊತ್ತೊಯ್ಯಲು ಆಳಿರಲಿಲ್ಲ.

ಸಮಿತಿ ಸೇರುವುದೂ ಮೂರನೇ ಮಹಡಿಯಲ್ಲೇ. ಸಭೆಯ ದಿನ ನಾದಿನಿ ಅವಳನ್ನು ಮೆಟ್ಟಿಲ ಬುಡದವರೆಗೆ ತಳ್ಳಿಕೊಂಡು ಬಂದಳು. ಮೇಲಿನಿಂದ ಗುಮಾಸ್ತ ಇಳಿದು ಬಂದ.

"ಲಿಫ್ಟಿನ ವಿಷಯ ಮುಂದಕ್ಕೆ ಹಾಕಿದಾರಮ್ಮ. ರೋಗಿಗಳ ಪ್ರತಿನಿಧಿ ಇಲ್ಲದೆ ತೀರ್ಮಾನ ಮಾಡೋ ಹಾಗಿಲ್ವಂತೆ."

"ನಾನು ಇಲ್ಲೇ ಇದೀನಲ್ಲಪ್ಪ."

"ಇಲ್ಲಿದೀರಿ. ಅಲ್ಲಿ ಇಲ್ವಲ್ಲ."

"ಅವರೇ ಇಳಿದು ಬರ್ಲಿ."

"ಸಭಾಂಗಣ ಮೇಲಿದೆಯಲ್ಲಮ್ಮ," ಎಂದ ಗುಮಾಸ್ತ, ಬಹಳ ವಿನಯದಿಂದ.

ಮುಂದಿನ ಸಭೆಗೂ ಇದೇ ಕಥೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅಷ್ಟರಲ್ಲಿ ಮೇಲಧಿಕಾರಿಗಳು ಸಭೆಯ ವರದಿಯಲ್ಲಿ ರೋಗಿಗಳ ಪ್ರತಿನಿಧಿಯ ಸಹಿ ಎಲ್ಲಿ ಎಂದು ಕೇಳಿದರು. ಅದರ ಮರುದಿನವೇ ಸಭೆ ಕರೆದರು, ಹೊರಲು ನಾಲ್ಕು ಜನ ಎಲ್ಲಿಂದಲೋ ಹುಟ್ಟಿಕೊಂಡರು. ಅವರು ಕುರ್ಚಿ ಸಮೇತ ಅವಳನ್ನು ಎತ್ತಿದರು. ತಿರುವಿನಲ್ಲಿ ಕುರ್ಚಿ ವಾಲಿದಾಗ ಅವಳ ಜೀವ ಬಾಯಿಗೆ ಬಂತು. ಭಯಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ನೋಡಿ, ಎಷ್ಟು ಸಲೀಸಾಗಿ ಬಂದ್ರು," ಎಂದರು ಅಧ್ಯಕ್ಷರಾದ ದೊಡ್ಡ ಡಾಕ್ಟರು. "ಲಿಫ್ಟು ಅಷ್ಟೇನೂ ತುರ್ತಲ್ಲ ಅಂತ ಬರ್ಕೊಳ್ರಿ. ಅಮ್ಮನವರೇ ಸಾಕ್ಷಿ."

"ನಾಳೆ ವ್ಯಾಯಾಮಕ್ಕೂ ಇವರೇ ಹೊರ್ತಾರಾ ಸಾರ್?"

"ಅದು ಕಷ್ಟ. ಇವತ್ತು ಸಭೆ ಅಂತ ವಾರ್ಡಿಂದ ಕರೆಸಿದ್ದು."

ಟೈಲರಮ್ಮನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಸೆರಗಿನಿಂದ ಒರೆಸಿಕೊಂಡು ಗಾಲಿಯ ಬ್ರೇಕು ಹಾಕಿದಳು.

"ಹಾಗಾದ್ರೆ ನಾನು ಇಳಿಯಲ್ಲ. ಲಿಫ್ಟು ಸರಿಯಾದ್ಮೇಲೆ ಅದರಲ್ಲೇ ಇಳೀತೀನಿ. ಸಹಿನೂ ಆಗ್ಲೇ."

ದೊಡ್ಡ ಡಾಕ್ಟರು ನಕ್ಕರು. ಅವಳು ನಗಲಿಲ್ಲವಾದ್ದರಿಂದ ಅವರೂ ನಿಲ್ಲಿಸಿದರು. ಸಂಜೆಗೆ ನಾದಿನಿ ಚಾಪೆ, ಹೊದಿಕೆ, ಬುತ್ತಿ ಹೊತ್ತು ತಂದಳು. ಸಮಿತಿಯ ಸದಸ್ಯೆಯನ್ನು ಸಭಾಂಗಣದಿಂದ ಹೊರಗೆ ಹಾಕಬಹುದೆಂದು ಯಾವ ನಿಯಮದಲ್ಲೂ ಇರಲಿಲ್ಲ.

ಬೆಳಿಗ್ಗೆ ಅವಳು ಎದುರಿನ ವ್ಯಾಯಾಮದ ಕೋಣೆಗೆ ಹೋದಳು. ಅಲ್ಲಿ ಮೂರು ಮಂಚ ಖಾಲಿ ಇದ್ದವು, ವ್ಯಾಯಾಮ ಮಾಡಿಸುವವನು ಪೇಪರು ಓದುತ್ತಿದ್ದ. ಮಂಡಿ ಮೊದಲ ಸಲ ಒಂದಿಷ್ಟು ಬಗ್ಗಿದಾಗ ನೋವಿಗೆ ಅವಳು ಕಿರುಚಿದಳು, ಆಮೇಲೆ ಖುಷಿಗೆ ಅತ್ತಳು.

ವಾರ ಕಳೆಯುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವಂತಾದಳು.

"ಅತ್ತಿಗೆ, ಇನ್ನು ನನ್ನ ಭುಜ ಹಿಡ್ಕೊಂಡು ನಿಧಾನಕ್ಕೆ ಇಳೀಬಹುದು, ಮನೆಗೆ ಹೋಗೋಣ," ಎಂದಳು ನಾದಿನಿ.

"ಕೆಳಗೆ ಮೆಟ್ಟಿಲ ಬುಡದಲ್ಲಿ ಇವತ್ತು ಎಷ್ಟು ಗಾಲಿಕುರ್ಚಿ ನಿಂತಿವೆ?"

"ಐದಾರು ಇರ್ಬೇಕು. ವ್ಯಾಯಾಮಕ್ಕೆ ಬಂದು ಹತ್ತಲಾಗದೆ ಕೂತೋರು."

ಟೈಲರಮ್ಮ ಮತ್ತೆ ಗಾಲಿಕುರ್ಚಿಯಲ್ಲಿ ಕೂತು ಬ್ರೇಕು ಹಾಕಿಕೊಂಡಳು.