ಟೇಪಿನ ತುದಿಯ ಬೆಂಕಿಕಡ್ಡಿ

ಕಿಟಕಿಯ ಗಾಜಿನ ಬಿರುಕಿಗೆ ಯಾರೋ ಕಂದು ಟೇಪು ಅಂಟಿಸಿದ್ದಾರೆ, ಅಂಚು ಎದ್ದು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದೆ, ರತ್ನಮ್ಮನ ಹೆಬ್ಬೆರಳು ತಡೆಯುತ್ತಿಲ್ಲ, ಎದ್ದು ಹೋಗಿ ಒಮ್ಮೆ ಒತ್ತಿಬಿಡಲೇ — ಬೇಡ ಕಣೇ ರತ್ನಿ, ಇದು ವಿಜಯವಾಡದ ಕೋರ್ಟು, ಟೇಪು ಮುಟ್ಟಿಯೇ ಇಲ್ಲೀ ತನಕ ಬಂದಿದ್ದೀಯ. ಮುಟ್ಟಿಯಲ್ಲ, ಬಾಯಿ ಬಿಟ್ಟು. ಅಗೋ ಕಟಕಟೆಯಲ್ಲಿ ಮಗ ದಿನಕರ, ಬ್ಯಾಂಕಿನ ಗುಮಾಸ್ತ, ಏಳು ಜನ್ಮದ ಉಪವಾಸ ಒಂದೇ ಸಲಕ್ಕೆ ಮಾಡಿದವನ ಹಾಗೆ ಸೊರಗಿ, ಕತ್ತು ಬಗ್ಗಿಸಿ ನಿಂತಿದ್ದಾನೆ. ವಿಶಾಖಪಟ್ಟಣದ ಬ್ಯಾಂಕಿನಲ್ಲಿಟ್ಟಿದ್ದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ರೈಲಿನಲ್ಲಿ ಇಲ್ಲಿಗೆ ತಂದವನು ಅವನು, ಇಳಿಸಿ ನೋಡಿದರೆ ಯಾರೋ ಕಟ್ಟು ಕುಯ್ದು ಮತ್ತೆ ಕಂದು ಟೇಪು ಮೆತ್ತಿದ್ದರು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಮನೆಗೆ ಇನ್‌ಸ್ಪೆಕ್ಟರ್ ದುರ್ಗಾಪ್ರಸಾದ್ ಬಂದು, ಅಡುಗೆಮನೆಯ ಗೂಡಿನಿಂದ ಟೇಪಿನ ಸುರುಳಿ ತೆಗೆದು, ಮಾಮ್ಮಗಾರೂ, ಇದಿ ಎವರಿದಿ, ಅಜ್ಜೀ ಇದು ಯಾರದು ಅಂದ. ಉಪ್ಪಿನಕಾಯಿ ಡಬ್ಬ ಕಟ್ಟಿ ಮೂರು ಲೋಕಕ್ಕೆ ಕಳಿಸುವ ಹೆಮ್ಮೆ ಅವಳಿಗೆ, ನಾದೇ ಬಾಬೂ, ನಮ್ಮ ದಿನಕರ ಹೊತ್ತೊಯ್ಯುವ ಪಾರ್ಸಲ್ಲೆಲ್ಲ ನೇನೇ ಅಂಟಿಂಚಾನು, ಊರಂತಾ ನೇನೇ ಅಂಟಿಂಚಾನು, ಊರಿಗೆಲ್ಲ ಅಂಟಿಸಿದವಳು ನಾನೇ ಅಂತ! ಪೇದೆ ಬಿದ್ದು ಬಿದ್ದು ನಕ್ಕ, ತೆಲುಗಿನಲ್ಲಿ ಅಂಟಿಸುವುದು ಅಂದರೆ ಬೆಂಕಿ ಹಚ್ಚುವುದೂ ಹೌದಂತೆ, ಮುದುಕಿ ಊರಿಗೇ ಬೆಂಕಿ ಇಟ್ಟಳಂತೆ, ಅವಳೂ ನಕ್ಕಳು, ಇನ್‌ಸ್ಪೆಕ್ಟರ್ ಮಾತ್ರ ನಗದೆ ಬರೆದುಕೊಂಡ, ಪಾರ್ಸಲ್ಲೆಲ್ಲ ನಾನೇ. ಬೆಂಕಿ ಹಚ್ಚಿದ್ದು ನಿಜವೇ ಆಯಿತಲ್ಲ, ಹೆತ್ತ ಮಗನಿಗೇ. ಕೇಸಿಗೆ ಆಧಾರ ಎರಡೇ, ಆ ಟೇಪು, ಈ ನಾಲಿಗೆ. ಯಾಕಮ್ಮ ಹಾಗಂದೆ ಅಂತ ಅವನು ಒಂದು ದಿನವಾದರೂ ಕೇಳಿದನೇ, ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ, ಕಾಫಿ ತಂದುಕೊಟ್ಟು ಸಕ್ಕರೆ ಸಾಕಾ ಅಂತಾನೆ.

ಸಾಕ್ಷಿ ಹೇಳಲು ನಿಂತ ಲ್ಯಾಬಿನ ಹುಡುಗಿ ಮೃಣಾಲಿನಿ, ಹತ್ತಿಯ ಸೀರೆ, ದಪ್ಪ ಕನ್ನಡಕ, ಕೋಗಿಲೆಗೆ ನೆಗಡಿಯಾದಂಥ ದನಿ. ಅಂಟು ಒಂಚೂರು ಕೆರೆದು ಮಿಷನ್ನಿಗೆ ಕೊಟ್ಟರೆ ಅದು ಗುಡ್ಡ ಗುಡ್ಡವಾಗಿ ಗೆರೆ ಬರೆಯುತ್ತದಂತೆ, ನಮ್ಮ ವಿಶಾಖಪಟ್ಟಣದ ಋಷಿಕೊಂಡದ ಗುಡ್ಡಸಾಲಿನ ಹಾಗೇ ಇದೆಯಪ್ಪ ಆ ಹಾಳೆ, ಕಟ್ಟಿನ ಟೇಪಿನದು ಒಂದು ಸಾಲು, ನನ್ನದು ಒಂದು ಸಾಲು, ನನ್ನದರಲ್ಲಿ ಒಂದು ಗುಡ್ಡ ಜಾಸ್ತಿ — ನನ್ನದು ಅಂದಮೇಲೆ ಜಾಸ್ತಿ ಇರದೆ ಇರುತ್ತದೆಯೇ. ಎರಡೂ ಒಂದೇ ಬಣ್ಣ, ಒಂದೇ ಅಗಲ ಅಲ್ವೇನಮ್ಮಾ, ಸರ್ಕಾರಿ ವಕೀಲ ಗದರಿದ. ಅರವತ್ತು ಅಂಗಡಿಯಿಂದ ಅರವತ್ತು ಸುರುಳಿ ತರಿಸಿದೆ ಸಾರ್, ಸಾವಿರದ ಏಳ್ನೂರ ಎಪ್ಪತ್ತು ಜೋಡಿ ಮಾಡಿ ಹೋಲಿಸಿದೆ, ಕಣ್ಣಿಗೆ ಎಷ್ಟೋ ಜೋಡಿ ಒಂದೇ, ಮಿಷನ್ನಿಗೆ ಹೊಂದಿದ್ದು ಬರೀ ಹನ್ನೊಂದು. ಅಯ್ಯೋ ಶಿವನೇ, ಅಷ್ಟು ಜಾತಕ ನೋಡಿದವಳಿಗೆ ತನ್ನ ಮದುವೆಗೆ ಪುರುಸೊತ್ತು ಸಿಕ್ಕಿತೋ ಇಲ್ಲವೋ. ಒಂದೇ ಸುರುಳಿಯಾದರೆ ತುದಿಗೂ ಬುಡಕ್ಕೂ ಗೆರೆ ಬದಲಾಗೋದಿಲ್ಲ ಸಾರ್, ಅದನ್ನೂ ನೋಡಿದೆ, ಕಟ್ಟಿನ ಮೇಲಿದ್ದ ಟೇಪು ಈ ಸುರುಳಿಯದಲ್ಲ. ಅಲ್ಲ — ಅಲ್ಲ ಅಂದಳೇ? ದಿನಕರ ಕತ್ತೆತ್ತಿದ, ಎಷ್ಟು ತಿಂಗಳಾಯಿತು ಆ ಕತ್ತು ಎದ್ದು. ಜಡ್ಜು ಸುರುಳಿ ತೋರಿಸಿ ಅಂದರು, ಹುಡುಗಿ ಕವರಿನಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದಳು, ಹರಿದ ಅಂಚು ಹೋಲಿಸಬೇಕಲ್ಲ ಸಾರ್, ಅದಕ್ಕೇ ಸುರುಳಿಯ ತುದಿ ಕೆಡಿಸದೆ ಇದರ ಮೇಲೆ ಹಾಸಿಟ್ಟಿದ್ದೇನೆ, ಇದ್ದದ್ದು ಇದ್ದಹಾಗೇ. ಇದ್ದದ್ದು ಇದ್ದಹಾಗೇ. ಟೇಪಿನ ತುದಿ ಹುಡುಕಿ ಹುಡುಕಿ ಉಗುರೇ ಸವೆದುಹೋಯಿತು ಕಣೋ ಅಂತ ಗೊಣಗಿದ್ದಕ್ಕೆ ದಿನಕರ ಅವತ್ತು ತುದಿಗೊಂದು ಬೆಂಕಿಕಡ್ಡಿ ಸಿಕ್ಕಿಸಿದ್ದ, ಪಾಪ, ಅವರಪ್ಪನೂ ಹಾಗೇ ಮಾಡುತ್ತಿದ್ದರು, ಅವರದು ಸುಟ್ಟ ಕಡ್ಡಿ, ಇವನದು ಹೊಸದು, ಹೊಸಾ ಕಡ್ಡಿ ಯಾಕೋ ದಂಡ ಅಂದರೆ, ಸುಟ್ಟಿದ್ದು ನಿಂಗೆ ಕಾಣಲ್ಲಮ್ಮ, ಕೆಂಪು ತಲೆ ಇದ್ರೆ ಕಾಣತ್ತೆ. ಜಡ್ಜು ಏನೋ ಹೇಳುತ್ತಿದ್ದಾರೆ, ಪಕ್ಕದವರು ಮಾಮ್ಮಗಾರೂ ಮಾಮ್ಮಗಾರೂ ಅಂತ ಭುಜ ಅಲುಗಿಸುತ್ತಿದ್ದಾರೆ, ಆ ಹಾಳೆಯ ಮೇಲೆ ಕಾಣುತ್ತಿದೆ ಕಣೋ, ಈ ಪೊರೆಗಣ್ಣಿಗೂ, ಇಷ್ಟು ದೂರದಿಂದಲೂ, ಕೆಂಪು ತಲೆ, ಒಮ್ಮೆಯೂ ಗೀರದ ಕಡ್ಡಿ, ಕೆಂಪು ತಲೆ —