ತುಂಬೆ ಹೂವಿನ ಸಮಾಧಿ

“ಒಳಗೆ ಯಾರಾದ್ರೂ ಇದ್ದೀರೇನ್ರೀ?”

ಕದವಿಲ್ಲದ ಬಾಗಿಲಲ್ಲಿ ನಿಂತು ಮಲ್ಲಿಕ್ ಕೇಳಿದ. ಯಾರೂ ಇಲ್ಲವೆಂದು ಅವನಿಗೆ ಗೊತ್ತು. ಕಾರ್ಖಾನೆ ನಿಂತು ಈ ಕ್ವಾರ್ಟರ್ಸ್ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಪಾಳುಮನೆಗಳ ಫೋಟೋ ತೆಗೆಯುವ ಹುಚ್ಚು ಹಿಡಿದಂದಿನಿಂದ ಹೊಸಿಲು ದಾಟುವ ಮುಂಚೆ ಹೀಗೆ ಕೇಳುವುದು ರೂಢಿ. ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ.

ಇವತ್ತಿನದು ಅವನೇ ಬೆಳೆದ ಮನೆ. ಭದ್ರಾವತಿಯ ಪಾಳುಗೋಡೆಗಳನ್ನೆಲ್ಲ ಕ್ಯಾಮೆರಾಕ್ಕೆ ತುಂಬಿಕೊಂಡವನು ಇದೊಂದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದ. ಶಿವಮೊಗ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನಿಗೆ ಕಾರಣಗಳಿಗೇನು ಬರ.

ನಡುಮನೆಯ ಬಾಗಿಲುವಾಡದ ಮೇಲೆ ಬೆಳ್ಳಗೆ ಏನೋ ಅಂಟಿತ್ತು. ಅಪ್ಪ ಲಿಂಗಪೂಜೆ ಮುಗಿಸಿ ಕೈಯಲ್ಲುಳಿದ ವಿಭೂತಿಯನ್ನು ಒರೆಸುತ್ತಿದ್ದುದು ಅಲ್ಲೇ. ಬಾಯಲ್ಲಿ ವಚನ. ಕಾರ್ಖಾನೆಯ ಸೈರನ್ ಕೂಗುವುದರೊಳಗೆ ಮುಗಿಯದಿದ್ದರೆ ಸೈಕಲ್ ಹತ್ತಿ ಹೇಳಿಕೊಂಡೇ ಹೋಗುತ್ತಿದ್ದ. ತಿರುವಿನಲ್ಲಿ ದನಿ ಕಡಿಯುತ್ತಿತ್ತು. ಉಳಿದ ಸಾಲನ್ನು ಮಲ್ಲಿಕ್ ಹಾಸಿಗೆಯೊಳಗೇ ಮುಗಿಸುತ್ತಿದ್ದ.

ಈಗ ಆ ಕೊನೆಯ ಸಾಲು ನೆನಪಾಗಲಿಲ್ಲ. ಬಿಳುಪನ್ನು ಮುಟ್ಟಿದ. ಸುಣ್ಣವೂ ಇರಬಹುದು. ಫೋಟೋ ತೆಗೆದುಕೊಂಡ.

ಜೇಬಿನಲ್ಲಿ ಫೋನು ಒದರಿತು. ದಾವಣಗೆರೆಯಿಂದ ತಂಗಿ ಬಸವರಾಜೇಶ್ವರಿ.

“ಅಣ್ಣ, ಅಳತೆ ತಗೊಂಡ್ಯಾ?”

“ಹೊರಟಿದೀನಿ ರಾಜಿ.”

“ಬೆಳಿಗ್ಗೆನೂ ಹಂಗೇ ಅಂದೆ. ಯಾವ್ದೋ ಪಾಳುಮನೆ ಹೊಕ್ಕಿರ್ತೀಯ. ಕಲ್ಲಿನೋನು ಕಾಯ್ತಿದಾನೆ ಮಾರಾಯ. ಸೋಮವಾರ ಕೂರಿಸ್ಬೇಕು.”

ಅಪ್ಪನ ಸಮಾಧಿಗೆ ಕಲ್ಲು. ಮೇಲೆ ಹೆಸರು: ಲಿಂಗೈಕ್ಯ ಶಿವಯೋಗಪ್ಪ. ಕಲ್ಲು ಎಲ್ಲಿ ಕೂರಬೇಕೆಂಬುದರಲ್ಲಿ ರಾಜಿಗೆ ಅನುಮಾನವೇ ಇಲ್ಲ. ಆರು ವರ್ಷದ ಹಿಂದೆ ಅಣ್ಣ ತೆಗೆದು ಕಳಿಸಿದ ಆ ಜಾಗದ ಫೋಟೋ ಅವಳ ದೇವರಮನೆಯಲ್ಲಿದೆ. ದಿನವೂ ಅದಕ್ಕೆ ವಿಭೂತಿ ಬೀಳುತ್ತದೆ.

ಆ ಫೋಟೋದಲ್ಲಿರುವ ಜಾಗ ಅಪ್ಪನದಲ್ಲ.

ಮಣ್ಣು ಮಾಡಿದ ದಿನ ಅಪ್ಪನನ್ನು ಹೂವಿನಿಂದ ಸಿಂಗರಿಸಿ ಕೂರಿಸಿದ್ದನ್ನು ಮಲ್ಲಿಕ್ ಚೆನ್ನಾಗಿಯೇ ತೆಗೆದಿದ್ದ. ಗುಣಿಯಲ್ಲಿಳಿಸಿ ಮಣ್ಣೆಳೆಯುವ ಹೊತ್ತಿಗೆ, ಬೆಳಕು ಸೊಗಸಾಗಿದೆಯೆಂದು ಬೇಲಿಯಾಚೆಯ ಮರಗಳತ್ತ ಕ್ಯಾಮೆರಾ ತಿರುಗಿಸಿದ್ದ. ಗುರುತಿಗೊಂದು ಕಲ್ಲಿಡು ಎಂದರು ಯಾರೋ. ಹೂಂ ಅಂದಿದ್ದ, ಇಡಲಿಲ್ಲ. ಎರಡು ವರ್ಷದ ಮೇಲೆ, ರುದ್ರಭೂಮಿಗೆ ಕಾಲಿಟ್ಟಿರದ ತಂಗಿ ಫೋಟೋ ಕೇಳಿದಾಗ ಅಪ್ಪನ ಜಾಗ ಹುಡುಕಿ ಹುಡುಕಿ ಸಾಕಾಗಿ, ಇದ್ದುದರಲ್ಲೇ ಚೆಂದದ ಒಂದು ದಿಬ್ಬ ಹಿಡಿದ. ತುಂಬೆ ಹೂವು ಮುಚ್ಚಿಕೊಂಡಿದ್ದ ದಿಬ್ಬ. ಅದೇ ಚಿತ್ರಕ್ಕೆ ‘ಅಪ್ಪ: ಯಾರೂ ಬಾರದ ಜಾಗ’ ಎಂದು ಹೆಸರಿಟ್ಟು ಪ್ರದರ್ಶನಕ್ಕೂ ಕೊಟ್ಟ. ಬಹುಮಾನ ಬಂತು.

ರುದ್ರಭೂಮಿಗೆ ಬಂದು ನೋಡಿದರೆ ಆಳುದ್ದ ಲಾಂಟಾನಾ ಪೊದೆ ಬೆಳೆದಿತ್ತು. ದಿಬ್ಬಗಳೆಲ್ಲ ಕುಸಿದು ಒಂದರಂತೊಂದು. ತುಂಬೆಯ ದಿಬ್ಬ ಮಾತ್ರ ಹಾಗೇ ಇತ್ತು. ಮಲ್ಲಿಕ್ ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಟೇಪು ಎಳೆದ.

“ಯಾರಪ್ಪಾ ಅದು? ಟೇಪ್ ಹಿಡ್ಕೊಂಡು ಸೈಟ್ ಮಾಡಕ್ ಬಂದ್ಯೇನು?”

ಕೊಡ ಹೊತ್ತ ಮುದುಕಿ. ಕರಿಬಸಮ್ಮ, ಇಲ್ಲೇ ಹಿಂದುಗಡೆ ಮನೆ ಎಂದಳು.

“ನಮ್ಮ ತಂದೇದು, ಅಳತೆ…”

“ಯಾವ್ದು?”

“ಇದು.”

ಕರಿಬಸಮ್ಮ ಕೊಡ ಇಳಿಸಿದಳು. “ಇದ್ರಲ್ಲಿ ಕೂತಿರೋದು ನಮ್ಮೆಜಮಾನ್ರು ಕಣಪ್ಪ. ಹತ್ತು ವರ್ಷದಿಂದ ನಾನೇ ನೀರು ಹಾಕ್ತಿದೀನಿ.”

“ತುಂಬೆ ತಾನಾಗೇ ಬಂದಿದ್ದು ಅಂದ್ಕೊಂಡಿದ್ದೆ.”

“ತಾನಾಗೇ ಬರಕ್ಕೆ ಅದೇನು ಸರ್ಕಾರಿ ಪಿಂಚಣಿನಾ? ಒಣಗಿದಂಗೆಲ್ಲ ನೆಡ್ಬೇಕು.”

ಮಲ್ಲಿಕ್ ನಗಲು ನೋಡಿದ. “ಶಿವಯೋಗಪ್ಪ ಅಂತ ನಮ್ಮ ತಂದೆ. ಎಂಟು ವರ್ಷ ಆಯ್ತು. ಎಲ್ಲಿ ಅಂತ ನಿಮಗೇನಾದ್ರೂ…”

“ಏನ್ ಗುರ್ತು ಇಟ್ಟಿದ್ದೆ?”

ಅವನು ಟೇಪು ಸುತ್ತಿಕೊಂಡ.

“ಮಣ್ಣು ಹಾಕೋವಾಗ ನೀನಿರ್ಲಿಲ್ವಾ?”

“ಇದ್ದೆ.”

ಮುದುಕಿ ಅವನ ಕುತ್ತಿಗೆಯ ಕ್ಯಾಮೆರಾವನ್ನು ನೋಡಿದಳು.

ಮತ್ತೆ ಫೋನು. ಈ ಸಲ ವಿಡಿಯೋ. ರಾಜಿ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. “ಅಣ್ಣ, ಅಪ್ಪನ್ನ ತೋರ್ಸು.”

ತೋರಿಸಿದ. ತುಂಬೆ ಅಲ್ಲಾಡುತ್ತಿತ್ತು. ಅಲ್ಲಿ ಅವಳು ಕಣ್ಮುಚ್ಚಿ ಅಪ್ಪನ ವಚನ ಹೇಳತೊಡಗಿದಳು. ಅದೇ ಏರಿಳಿತ, ಉಸಿರು ನಿಲ್ಲಿಸುವುದೂ ಅಲ್ಲೇ. ಮಲ್ಲಿಕ್ ಹಾಸಿಗೆಯೊಳಗಿನ ಹುಡುಗನಂತೆ ಕಾದ. ಕೊನೆಯ ಸಾಲಿಗೆ ದನಿ ತುಂಡಾಯಿತು. ಸಿಗ್ನಲ್ ಮರಳುವಷ್ಟರಲ್ಲಿ ರಾಜಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅದ್ಯಾರಣ್ಣ ಹಿಂದುಗಡೆ?”

“ಇಲ್ಲೇ… ನೋಡ್ಕೊಳ್ಳೋರು.”

“ಅಮ್ಮಾ, ನಮ್ಮಪ್ಪನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದೀರಲ್ಲ, ನಿಮ್ಗೆ ಕೈ ಮುಗೀತೀನಿ. ಇದೇ ತಾನೇ ನಮ್ಮಪ್ಪಂದು?”

ಕರಿಬಸಮ್ಮ ಮಲ್ಲಿಕ್‌ನತ್ತ ತಿರುಗಿದಳು.

ಅವನು ಫೋನನ್ನು ತಟ್ಟನೆ ತನ್ನತ್ತ ಎಳೆದುಕೊಂಡು, ದನಿ ಹೋಗದಂತೆ ಮೈಕ್ ಒತ್ತಿದ. “ಹೂಂ ಅಂದ್ಬಿಡಿ ಅಮ್ಮ. ಇದೊಂದ್ಸಲ. ಅವಳು ತಡ್ಕೊಳಲ್ಲ.”

ಗಡಿಬಿಡಿಯಲ್ಲಿ ಫೋನಿನ ಕ್ಯಾಮೆರಾ ಅವನತ್ತ ತಿರುಗಿತ್ತು. ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಈಗ ಅವನೇ ಕೂತಿದ್ದ. ಕಾಲು ಮಡಿಚಿ, ಬೆನ್ನು ನೆಟ್ಟಗೆ, ಎದೆಯ ತನಕ ಬಿಳಿ ಹೂವು. ತಂಗಿ ಆಚೆಯಿಂದ ಇನ್ನೂ ಕೈಮುಗಿದೇ ಇದ್ದಳು.

ಕರಿಬಸಮ್ಮ ಕೊಡ ಬಗ್ಗಿಸಿದಳು. ನೀರು ತುಂಬೆಯ ಬುಡಕ್ಕೆ ಹರಿದು, ಅವನ ಮಡಿಚಿದ ಕಾಲಿನಡಿಗೂ ಬಂತು.

“ಅನ್ನಲ್ಲ,” ಎಂದಳು.